ಅಟ್ಲಾಸ್ ಪತಂಗ, ನಮ್ಮ ರಾಜ್ಯ ಚಿಟ್ಟೆ: ಒಂದಕ್ಕೆ ಬಾಯಿನೇ ಇಲ್ಲ, ಇನ್ನೊಂದಕ್ಕೆ ಹೂವು ಬಿಟ್ರೆ ಗತಿ ಇಲ್ಲ

ಮಳೆ ಹಿಡೀತು ಅಂದ್ರೆ ಸಾಕು, ಮಲೆನಾಡು ಕರಾವಳಿ ಕಡೆ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫೋಟೋ ಓಡಾಡೋಕೆ ಶುರು ಆಗತ್ತೆ. ಗೋಡೆ ಮೇಲೋ, ತೋಟದ ಪಂಪ್‌ಹೌಸ್ ಬಾಗಿಲ ಮೇಲೋ ಇಟ್ಟಿಗೆ ಬಣ್ಣದ ಒಂದು ಭಾರೀ ಗಾತ್ರದ ಜೀವಿ ರೆಕ್ಕೆ ಬಿಚ್ಚಿ ಕೂತಿರತ್ತೆ, ರೆಕ್ಕೆಯ ಎರಡು ತುದಿಯಲ್ಲೂ ಹಾವಿನ ತಲೆ ಥರ ಚಿತ್ರ. ಕೆಳಗೆ "ಅಪರೂಪದ ಹಾವಿನ ತಲೆಯ ಚಿಟ್ಟೆ ಪತ್ತೆ, ಎಲ್ಲರಿಗೂ ಶೇರ್ ಮಾಡಿ". ಅದೇ ಗ್ರೂಪಲ್ಲಿ ಇನ್ಯಾರೋ "ಇದೇ ಅಲ್ವಾ ನಮ್ಮ ಕರ್ನಾಟಕದ ರಾಜ್ಯ ಚಿಟ್ಟೆ" ಅಂತಾರೆ, ಮತ್ತೊಬ್ರು "ಮುಟ್ಬೇಡಿ ವಿಷ" ಅಂತಾರೆ, ಇನ್ನೊಬ್ರು "ಪಾಪ ಸುಸ್ತಾಗಿದೆ, ಸಕ್ಕರೆ ನೀರು ಕೊಡಿ" ಅಂತಾರೆ.

ಅದು ಚಿಟ್ಟೆ ಅಲ್ಲ, ಅಟ್ಲಾಸ್ ಅನ್ನೋ ಪತಂಗ, ರಾಜ್ಯ ಚಿಟ್ಟೆ ಅಂತೂ ಅಲ್ವೇ ಅಲ್ಲ, ವಿಷ ಇಲ್ಲ, ಸಕ್ಕರೆ ನೀರು ಕೊಟ್ರೂ ಕುಡಿಯೋಕೆ ಅದಕ್ಕೆ ಬಾಯಿ ಇಲ್ಲ. ಆದ್ರೆ ಇಷ್ಟು ಹೇಳಿ ಬಿಟ್ರೆ "ಹಾಗಾದ್ರೆ ಚಿಟ್ಟೆಗೂ ಪತಂಗಕ್ಕೂ ಏನ್ ವ್ಯತ್ಯಾಸ" ಅನ್ನೋ ಪ್ರಶ್ನೆ ಬಂದೇ ಬರತ್ತೆ. ಅದಕ್ಕೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋಣ, ಇಲ್ಲಿ ಅಟ್ಲಾಸ್ ಪತಂಗ, ಅಲ್ಲಿ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್. ಎರಡೂ ಪಶ್ಚಿಮ ಘಟ್ಟದಲ್ಲೇ ಇರೋವು, ಎರಡೂ ತಂತಮ್ಮ ಕಡೆ ದೊಡ್ಡ ಗಾತ್ರದವು.

ಮೊದಲು ಪರಿಚಯ

ಸದರ್ನ್ ಬರ್ಡ್‌ವಿಂಗ್‌ನ ವೈಜ್ಞಾನಿಕ ಹೆಸರು ಟ್ರೊಯ್ಡೆಸ್ ಮಿನೋಸ್. ಮುಂದಿನ ರೆಕ್ಕೆ ಮಿರುಗೋ ಕಪ್ಪು, ಹಿಂದಿನ ರೆಕ್ಕೆ ಬಂಗಾರದ ಹಳದಿ, ಮೈ ಮೇಲೆ ಅಲ್ಲಲ್ಲಿ ಕೆಂಪು. ಹೆಣ್ಣಿಗೆ ಆ ಹಳದಿ ಮೇಲೆ ಕಪ್ಪು ಮಚ್ಚೆಗಳ ಸಾಲು ಇರತ್ತೆ, ಗಂಡಿಗೆ ಹಳದಿ ಹೆಚ್ಚು ಖಾಲಿ. ರೆಕ್ಕೆ ಬಿಚ್ಚಿದ್ರೆ 14ರಿಂದ 19 ಸೆಂಟಿಮೀಟರ್. ದಕ್ಷಿಣ ಭಾರತದಲ್ಲಿ, ಅದರಲ್ಲೂ ಪಶ್ಚಿಮ ಘಟ್ಟ ಮತ್ತು ಅದರ ಆಸುಪಾಸಲ್ಲಿ ಬಿಟ್ರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. 2016ರಲ್ಲಿ ಕರ್ನಾಟಕ ಇದನ್ನ ರಾಜ್ಯ ಚಿಟ್ಟೆ ಮಾಡ್ಕೊಂತು, ಅದಕ್ಕೂ ಮುಂಚೆ 2015ರಲ್ಲಿ ಮಹಾರಾಷ್ಟ್ರ ಬ್ಲೂ ಮಾರ್ಮನ್‌ನ ರಾಜ್ಯ ಚಿಟ್ಟೆ ಮಾಡಿತ್ತು. ಹಳದಿ ಕೆಂಪು ಎರಡೂ ಇರೋದ್ರಿಂದ ನಮ್ಮ ಬಾವುಟಕ್ಕೆ ಹೊಂದತ್ತೆ ಅನ್ನೋ ಮಾತೂ ಆಗ ಬಂದಿತ್ತು, ಚೆನ್ನಾಗೇ ಹೊಂದತ್ತೆ ಬಿಡಿ.

ಇನ್ನು ಅಟ್ಲಾಸ್ ಪತಂಗ. ಇದರಲ್ಲೊಂದು ಸಣ್ಣ ತಿದ್ದುಪಡಿ ಇದೆ. ಹೆಚ್ಚಿನ ಪೋಸ್ಟುಗಳಲ್ಲಿ ಅಟ್ಟಾಕಸ್ ಅಟ್ಲಾಸ್ ಅಂತ ಹೆಸರು ಹಾಕಿರ್ತಾರೆ, ಅದು ಈಶಾನ್ಯ ಭಾರತದಿಂದ ಆಗ್ನೇಯ ಏಷ್ಯಾದವರೆಗೆ ಹರಡಿರೋದು, 1758ರಲ್ಲೇ ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಹೆಸರಿಟ್ಟಿದ್ದು. ನಮ್ಮ ದಕ್ಷಿಣ ಭಾರತದಲ್ಲಿ ಮತ್ತು ಶ್ರೀಲಂಕಾದಲ್ಲಿ ಇರೋದು ಅದರ ದಾಯಾದಿ, ಅಟ್ಟಾಕಸ್ ಟಪ್ರೊಬಾನಿಸ್, ಈಗ ಬೇರೆ ಪ್ರಭೇದ ಅಂತ ಲೆಕ್ಕ. ನೋಡೋಕೆ ಎರಡೂ ಎಷ್ಟು ಹತ್ತಿರ ಅಂದ್ರೆ ಜನ ಎರಡಕ್ಕೂ ಅಟ್ಲಾಸ್ ಅಂತಾನೇ ಅಂತಾರೆ, ಬದುಕೋ ರೀತಿನೂ ಒಂದೇ, ಹಾಗಾಗಿ ನಾನೂ ಇಲ್ಲಿ ಅಟ್ಲಾಸ್ ಅಂತಾನೇ ಬರೀತೀನಿ. ರೆಕ್ಕೆ ಅಗಲ 20 ಸೆಂಟಿಮೀಟರ್ ದಾಟತ್ತೆ, ಈಶಾನ್ಯದ್ದು 24 ಸೆಂಟಿಮೀಟರ್‌ವರೆಗೂ ಬೆಳೆಯತ್ತೆ. ನಾಲ್ಕೂ ರೆಕ್ಕೆಯ ಮಧ್ಯೆ ಒಂದೊಂದು ತ್ರಿಕೋನದ ಕಿಟಕಿ ಇರತ್ತೆ, ಬೆಳಕಿಗೆ ಅಡ್ಡ ಬಂದಾಗ ನೋಡಿ, ಅದರಲ್ಲಿ ಆಚೆ ಕಡೆ ಕಾಣತ್ತೆ. ಬಣ್ಣ ಕೊಡೋ ಪುಡಿ ಆ ಜಾಗದಲ್ಲಿ ಇಲ್ಲ, ಬರೀ ಪೊರೆ.

ಚಿಟ್ಟೆ, ಪತಂಗ ಎರಡು ಬೇರೆ ಬೇರೆ ಜಾತಿನಾ?

ಅರ್ಧ ಹೌದು, ಅರ್ಧ ಇಲ್ಲ. ಎರಡೂ ಲೆಪಿಡಾಪ್ಟೆರಾ ಅನ್ನೋ ಒಂದೇ ಗುಂಪಿಗೆ ಸೇರಿದವು. ಈ ಗುಂಪಿನ ಗುರುತು ರೆಕ್ಕೆ ಮೇಲಿನ ಪುಡಿ, ಚಿಟ್ಟೆ ಹಿಡಿದು ಬಿಟ್ರೆ ಬೆರಳಿಗೆ ಅಂಟತ್ತಲ್ಲ ಅದು. ಅದು ಪುಡಿ ಅಲ್ಲ, ಒಂದರ ಮೇಲೊಂದು ಸಾಲಾಗಿ ಕೂತ ಸಣ್ಣ ಸಣ್ಣ ಹುರುಪೆಗಳು, ರೆಕ್ಕೆಯ ಬಣ್ಣ ಎಲ್ಲ ಅದರಲ್ಲೇ ಇರೋದು. ಒಮ್ಮೆ ಉದುರಿದ್ರೆ ಮತ್ತೆ ಹುಟ್ಟಲ್ಲ.

ಈ ಗುಂಪಲ್ಲಿ ಸುಮಾರು 1 ಲಕ್ಷ 60 ಸಾವಿರ ಪ್ರಭೇದಗಳು ಗುರುತಾಗಿವೆ, ಅದರಲ್ಲಿ ಚಿಟ್ಟೆ ಅಂತ ನಾವು ಕರೆಯೋವು 18 ಸಾವಿರದ ಹತ್ತಿರ ಅಷ್ಟೇ. ಉಳಿದದ್ದೆಲ್ಲ ಪತಂಗ. ಭಾರತದ ಲೆಕ್ಕ ತಗೊಂಡ್ರೂ ಹಾಗೇ, ಚಿಟ್ಟೆ 1,300ಕ್ಕಿಂತ ಸ್ವಲ್ಪ ಜಾಸ್ತಿ, ಪತಂಗ 10 ಸಾವಿರದ ಮೇಲೆ. ಅಂದ್ರೆ ಪತಂಗಗಳ ದೊಡ್ಡ ವಂಶದಲ್ಲಿ ಒಂದು ಕವಲು ಸುಮಾರು 10 ಕೋಟಿ ವರ್ಷದ ಹಿಂದೆ ಹಗಲು ಹೊತ್ತು ಹಾರೋಕೆ ಶುರು ಮಾಡ್ತು, ಹೂವಿನ ರಸಕ್ಕೆ ಬಿತ್ತು, ಬಣ್ಣ ಹಚ್ಕೊಂತು, ಅದಕ್ಕೆ ನಾವು ಚಿಟ್ಟೆ ಅಂದ್ವಿ. ವಂಶಾವಳಿ ಬರೆದ್ರೆ ಚಿಟ್ಟೆ ಪತಂಗಗಳ ಹೊರಗೆ ನಿಲ್ಲಲ್ಲ, ಒಳಗೇ ಕೂರತ್ತೆ. ಹಾಗಾಗಿ "ಪತಂಗ ಅಂದ್ರೆ ಚಂದ ಇಲ್ಲದ ಚಿಟ್ಟೆ" ಅನ್ನೋದು ತಲೆಕೆಳಗಾದ ಮಾತು, ಹೇಳೋದಾದ್ರೆ ಚಿಟ್ಟೇನೇ ಹಗಲಿಗೆ ಹೊರಟ ಪತಂಗ.

ಸ್ಕೂಲಲ್ಲಿ ಕಲಿತ ರೂಲ್ಸ್ ಎಷ್ಟು ನಡೆಯತ್ತೆ

ಚಿಟ್ಟೆ ಹಗಲಲ್ಲಿ ಹಾರತ್ತೆ, ಪತಂಗ ರಾತ್ರಿ. ನಮ್ಮ ಜೋಡಿಗೆ ಇದು ಸರಿ, ಬರ್ಡ್‌ವಿಂಗ್ ಬೆಳಗ್ಗೆ ಬಿಸಿಲು ಏರ್ತಿದ್ದ ಹಾಗೆ ಮರದ ನೆತ್ತಿ ಮೇಲೆ ತೇಲ್ತಾ ಬರತ್ತೆ, ಅಟ್ಲಾಸ್ ಹಗಲೆಲ್ಲ ಕದಲದೆ ಕೂತಿದ್ದು ಕತ್ತಲಾದ ಮೇಲೆ ಏಳತ್ತೆ. ಆದ್ರೆ ಎಲ್ಲಾ ಪತಂಗಕ್ಕೂ ಇದು ಅನ್ವಯ ಆಗಲ್ಲ. ಹಾಡಹಗಲೇ ಹೂವಿನ ಮುಂದೆ ನಿಂತಲ್ಲೇ ರೆಕ್ಕೆ ಬಡೀತಾ ರಸ ಹೀರೋ ಪತಂಗಗಳಿವೆ, ಅದರ ವಿಡಿಯೋ ಹಾಕಿ "ನಮ್ಮ ತೋಟಕ್ಕೆ ಹಮ್ಮಿಂಗ್‌ಬರ್ಡ್ ಬಂತು" ಅಂತ ಬರೆಯೋರಿಗೆ ಕಮ್ಮಿ ಇಲ್ಲ. ಹಮ್ಮಿಂಗ್‌ಬರ್ಡ್ ಇರೋದು ಅಮೆರಿಕ ಖಂಡಗಳಲ್ಲಿ ಮಾತ್ರ.

ಚಿಟ್ಟೆ ರೆಕ್ಕೆ ಮಡಚಿ ಕೂರತ್ತೆ, ಪತಂಗ ಬಿಚ್ಚಿ ಕೂರತ್ತೆ ಅನ್ನೋದು ಇನ್ನೊಂದು. ಇದೂ ಅಂದಾಜಿನ ಮಾತೇ, ಎಷ್ಟೋ ಚಿಟ್ಟೆ ಬಿಸಿಲು ಕಾಯಿಸೋವಾಗ ಪೂರ್ತಿ ಬಿಚ್ಚಿ ಕೂರತ್ತೆ. ಪತಂಗಗಳಿಗೆ ಮುಂದಿನ ಹಿಂದಿನ ರೆಕ್ಕೆ ಸಿಕ್ಕಿಸೋಕೆ ಕೊಕ್ಕೆ ಥರ ಒಂದು ಬಿರುಗೂದಲು ಇರತ್ತೆ, ಚಿಟ್ಟೆಗೆ ಇರಲ್ಲ ಅಂತ ಪುಸ್ತಕದಲ್ಲಿ ಬರೆದಿರ್ತಾರೆ. ತಮಾಷೆ ಅಂದ್ರೆ ಅಟ್ಲಾಸ್ ಸೇರೋ ಕುಟುಂಬದಲ್ಲಿ ಆ ಕೊಕ್ಕೆ ಇಲ್ಲ, ಚಿಟ್ಟೆ ಥರಾನೇ ಅಗಲವಾದ ಹಿಂದಿನ ರೆಕ್ಕೆ ಮೇಲೆ ಮುಂದಿನ ರೆಕ್ಕೆ ಹೊದ್ದು ಎರಡೂ ಒಟ್ಟಿಗೆ ಬಡಿಯತ್ತೆ.

ನಿಮಗೆ ಒಂದೇ ಒಂದು ಗುರುತು ಬೇಕು ಅಂದ್ರೆ ಕುಡಿಮೀಸೆ ನೋಡಿ. ಬರ್ಡ್‌ವಿಂಗ್ ತಲೆ ಮೇಲಿನ ಮೀಸೆ ಸಣ್ಣ ಕಡ್ಡಿ, ತುದಿ ಮಾತ್ರ ದಪ್ಪ. ಅಟ್ಲಾಸ್‌ದು ಹಕ್ಕಿ ಗರಿ ಥರ ಎರಡೂ ಕಡೆ ಎಳೆ ಎಳೆ ಬಿಟ್ಟಿರತ್ತೆ, ಗಂಡಿಗೆ ಇನ್ನೂ ಅಗಲ. ಬೇರೆ ಪತಂಗಗಳಿಗೆ ಗರಿ ಇಲ್ದೆ ಬರೀ ದಾರದ ಥರಾನೂ ಇರಬಹುದು, ಆದ್ರೆ ತುದಿ ದಪ್ಪ ಇರೋ ಪತಂಗ ಸಿಗೋದು ಬಹಳ ಕಮ್ಮಿ. ಮುಂದಿನ ಸಲ ಫೋಟೋ ಹೊಡಿಯೋವಾಗ ರೆಕ್ಕೆ ಜೊತೆ ತಲೆನೂ ಫೋಕಸಲ್ಲಿ ಬರೋ ಹಾಗೆ ಹೊಡೀರಿ, ಅರ್ಧ ಜಗಳ ಅಲ್ಲೇ ಮುಗಿಯತ್ತೆ.

ಅಸಲಿ ವ್ಯತ್ಯಾಸ ಬಾಯಲ್ಲಿದೆ

ನನ್ನ ಕೇಳಿದ್ರೆ ಈ ಎರಡರ ಬಗ್ಗೆ ತಿಳ್ಕೋಬೇಕಾದ ಮುಖ್ಯ ವಿಷಯ ಬಣ್ಣನೂ ಅಲ್ಲ, ಗಾತ್ರನೂ ಅಲ್ಲ, ಊಟ. ಬರ್ಡ್‌ವಿಂಗ್ ರೆಕ್ಕೆ ಬಂದ ಮೇಲೂ ತಿನ್ನತ್ತೆ, ಅಟ್ಲಾಸ್ ತಿನ್ನಲ್ಲ. ಮಿಕ್ಕಿದ್ದೆಲ್ಲ ಇದರ ಹಿಂದೆನೇ ಬರತ್ತೆ.

ಚಿಟ್ಟೆ ಕೋಶದಿಂದ ಹೊರಗೆ ಬಂದಾಗ ಅದರ ಹೀರುನಳಿಗೆ ಒಂದು ನಳಿಗೆಯಾಗಿ ಇರಲ್ಲ, ಉದ್ದಕ್ಕೆ ಸೀಳಿದ ಎರಡು ಅರ್ಧ ಇರತ್ತೆ. ರೆಕ್ಕೆ ಒಣಗೋವಷ್ಟು ಹೊತ್ತು ಚಿಟ್ಟೆ ಆ ಎರಡು ಅರ್ಧಗಳನ್ನ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಒಂದಕ್ಕೊಂದು ಕೂರಿಸಿ ನಳಿಗೆ ಮಾಡ್ಕೊಳ್ಳತ್ತೆ. ಹತ್ತಿರದಿಂದ ನೋಡಿದ್ರೆ ಕಾಣತ್ತೆ ಇದು. ಈ ಜೋಡಣೆ ತಪ್ಪಿದ್ರೆ ಆ ಚಿಟ್ಟೆ ಹಸಿವಿಂದ ಸಾಯಬೇಕು. ಸರಿಯಾಗಿ ಆದ್ರೆ ಆಮೇಲೆ ಕೇಪಳ, ಲಂಟಾನ, ಹೀಗೆ ಸಿಕ್ಕ ಹೂವಿಗೆಲ್ಲ ಹೋಗಿ ರಸ ಹೀರತ್ತೆ. ಬರ್ಡ್‌ವಿಂಗ್ ಹೂವಿನ ಮೇಲೆ ಪೂರ್ತಿ ಕೂರೋದು ಕಮ್ಮಿ, ಕಾಲು ಊರಿದ್ರೂ ಮುಂದಿನ ರೆಕ್ಕೆ ನಡುಗಿಸ್ತಾನೇ ಇರತ್ತೆ, ಫೋಟೋ ತೆಗೆಯೋರಿಗೆ ಇದೊಂದು ತಲೆನೋವು.

ಅಟ್ಲಾಸ್‌ಗೆ ಆ ನಳಿಗೆ ಬೆಳೆಯೋದೇ ಇಲ್ಲ, ಹೆಸರಿಗೆ ಒಂದು ಮೊಂಡು ಕುರುಹು ಇರತ್ತೆ ಅಷ್ಟೇ, ಕೆಲಸಕ್ಕೆ ಬರಲ್ಲ. ಹಾಗಾದ್ರೆ ಅಷ್ಟು ದೊಡ್ಡ ರೆಕ್ಕೆ ಬಡಿಯೋಕೆ ಶಕ್ತಿ ಎಲ್ಲಿಂದ? ಹುಳ ಆಗಿದ್ದಾಗ ತಿಂದಿದ್ದು. ಅಟ್ಲಾಸ್ ಹುಳ ಮೊಟ್ಟೆಯಿಂದ ಬಂದ ತಕ್ಷಣ ತನ್ನ ಮೊಟ್ಟೆ ಚಿಪ್ಪನ್ನೇ ತಿನ್ನೋಕೆ ಶುರು ಮಾಡತ್ತೆ, ಆಮೇಲೆ ದಾಲ್ಚಿನ್ನಿ, ಪೇರಳೆ, ನಿಂಬೆ ಜಾತಿ, ಇನ್ನೂ ಹಲವು ಮರದ ಎಲೆ. ತಿಂದು ತಿಂದು ಚರ್ಮ ಬಿಗಿಯಾದಾಗ ಹಳೇದು ಕಳಚಿ ಮತ್ತೆ ತಿನ್ನತ್ತೆ. ಕೊನೆ ಹಂತದಲ್ಲಿ ಹತ್ತು ಸೆಂಟಿಮೀಟರ್ ದಾಟಿದ, ಬೆರಳಿಗಿಂತ ದಪ್ಪ, ತಿಳಿ ಹಸಿರು ಮೈ ಮೇಲೆ ಬಿಳೀ ಮೇಣದ ಪುಡಿ ಉದುರಿಸಿಕೊಂಡ ಹುಳ ಆಗಿರತ್ತೆ. ಸಂಬಳ ಬರೋವಾಗ ಪಿಎಫ್ ಕಟ್ಟಿಟ್ಟು ರಿಟೈರ್ ಆದ ಮೇಲೆ ಅದರಲ್ಲೇ ಬದುಕೋ ಹಾಗೆ, ಈ ಕೊಬ್ಬೇ ಅಟ್ಲಾಸ್‌ನ ಪೂರ್ತಿ ಗಂಟು. ಚಿಟ್ಟೆದು ದಿನಗೂಲಿ, ದುಡಿದಷ್ಟು ದಿನ ಊಟ ಉಂಟು.

ಗಂಟು ಕರಗೋದ್ರೊಳಗೆ ಕೆಲಸ ಮುಗಿಸಬೇಕು. ರೆಕ್ಕೆ ಬಂದ ಮೇಲೆ ಅಟ್ಲಾಸ್‌ಗೆ ಇರೋ ಟೈಮು ಒಂದು ವಾರ, ಬಹಳ ಅಂದ್ರೆ ಎರಡು ವಾರ. ಹಾರೋದು ದುಬಾರಿ, ಅದಕ್ಕೇ ಹಗಲೆಲ್ಲ ಅಲ್ಲಾಡದೆ ಕೂರೋದು. ಜನ ಅದನ್ನ ನೋಡಿ ಕಾಯಿಲೆ ಬಿದ್ದಿದೆ, ಸಾಯ್ತಾ ಇದೆ ಅಂದ್ಕೊಳ್ತಾರೆ, ಅದು ಉಳಿತಾಯ ಮಾಡ್ತಾ ಇರತ್ತೆ.

ಹೆಣ್ಣು ಕೂತಲ್ಲೇ, ಗಂಡು ಹುಡುಕಿಕೊಂಡು

ಹೀಗೆ ಟೈಮು ಕಮ್ಮಿ ಇರೋ ಜೀವಿ ಸಂಗಾತಿ ಹುಡುಕೋಕೆ ಊರೆಲ್ಲ ಸುತ್ತೋಕೆ ಆಗಲ್ಲ. ಹೆಣ್ಣು ಅಟ್ಲಾಸ್ ಗೂಡಿಂದ ಹೊರಬಿದ್ದ ಮೇಲೆ ಅಲ್ಲೇ ಹತ್ತಿರ ಎಲ್ಲಾದ್ರೂ ನೇತಾಡಿಕೊಂಡು ಇರತ್ತೆ, ಹೊಟ್ಟೆ ತುಂಬಾ ಮೊಟ್ಟೆ ತುಂಬಿರತ್ತೆ, ಭಾರ. ರಾತ್ರಿ ಆದ್ರೆ ಹೊಟ್ಟೆಯ ತುದಿಯಿಂದ ಒಂದು ವಾಸನೆ ಬಿಡತ್ತೆ, ಇದನ್ನ ಫೆರೋಮೋನ್ ಅಂತಾರೆ, ನಮ್ಮ ಮೂಗಿಗೆ ಏನೂ ಗೊತ್ತಾಗಲ್ಲ. ಗಂಡಿನ ಆ ಅಗಲ ಗರಿಮೀಸೆ ಇರೋದು ಇದಕ್ಕೇ, ಗಾಳಿಯಲ್ಲಿ ತೇಲಿ ಬರೋ ಆ ವಾಸನೆಯ ಕಣಗಳನ್ನ ಸೋಸಿ ಹಿಡಿಯೋಕೆ. ಎಳೆಗಳು ಜಾಸ್ತಿ ಇದ್ದಷ್ಟೂ ಹಿಡಿಯೋ ಜಾಗ ಜಾಸ್ತಿ. ಕಿಲೋಮೀಟರ್‌ಗಟ್ಟಲೆ ದೂರದ ಸುಳಿವು ಹಿಡಿದು ಗಾಳಿಗೆ ಎದುರಾಗಿ ಹಾರಿ ಬರತ್ತೆ.

ಬರ್ಡ್‌ವಿಂಗ್ ಹಗಲಿನ ಪ್ರಾಣಿ, ಅಲ್ಲಿ ಕಣ್ಣಿನದೇ ಕಾರುಬಾರು. ಗಂಡು ಬಣ್ಣ ಆಕಾರ ನೋಡಿ ದೂರದಿಂದ ಹೆಣ್ಣನ್ನ ಗುರುತು ಹಿಡಿಯತ್ತೆ, ಹತ್ತಿರ ಬಂದ ಮೇಲೆ ವಾಸನೆ. ಮೀಸೆಗೆ ಅಷ್ಟು ದೊಡ್ಡ ಜವಾಬ್ದಾರಿ ಇಲ್ಲ, ಅದಕ್ಕೇ ಅಷ್ಟು ಸಣ್ಣ.

ವಿಷದ ದಾರಿ, ವೇಷದ ದಾರಿ

ಇಷ್ಟು ದೊಡ್ಡದಾಗಿದ್ದು ನಿಧಾನಕ್ಕೆ ತೇಲಿಕೊಂಡು ಹಾರೋ ಬರ್ಡ್‌ವಿಂಗ್‌ನ ಹಕ್ಕಿಗಳು ಯಾಕೆ ಹಿಡಿದು ತಿನ್ನಲ್ಲ? ಯಾಕಂದ್ರೆ ಅದು ಮೈಯೆಲ್ಲ ಕಹಿ. ಬರ್ಡ್‌ವಿಂಗ್ ಮೊಟ್ಟೆ ಇಡೋದು ಈಶ್ವರಿ ಬಳ್ಳಿ ಮೇಲೆ, ಇಲ್ಲಾ ಅದೇ ಕುಟುಂಬದ ಬೇರೆ ಗಿಡಗಳ ಮೇಲೆ. ಆ ಗಿಡದಲ್ಲಿ ಅರಿಸ್ಟೊಲೊಕಿಕ್ ಆಮ್ಲ ಅನ್ನೋ ವಿಷ ಇದೆ. ಬೇರೆ ಹೆಚ್ಚಿನ ಹುಳಗಳು ಅದರ ಹತ್ತಿರ ಸುಳಿಯಲ್ಲ, ಬರ್ಡ್‌ವಿಂಗ್ ಹುಳಕ್ಕೆ ಅದೇ ಊಟ, ತಿಂದು ವಿಷನ ಮೈಯಲ್ಲೇ ಇಟ್ಕೊಳ್ಳತ್ತೆ, ಕೋಶ ಕಟ್ಟಿ ಚಿಟ್ಟೆ ಆದ್ಮೇಲೂ ಅದು ಮೈಯಲ್ಲಿರತ್ತೆ. ಹುಳ ನೋಡೋಕೂ ಸ್ವಲ್ಪ ಗಾಬರಿ ಹುಟ್ಟಿಸೋ ಥರ, ಕಡುಗೆಂಪು ಮೈ, ಮೇಲೆಲ್ಲ ಮೆತ್ತನೆ ಮುಳ್ಳು ಮುಳ್ಳು, ಮುಟ್ಟಿದ್ರೆ ತಲೆ ಹಿಂದಿನಿಂದ ಕವೆಕೋಲಿನ ಆಕಾರದ ಕಿತ್ತಳೆ ಬಣ್ಣದ ಅಂಗ ಹೊರಗೆ ಚಾಚಿ ಕೆಟ್ಟ ವಾಸನೆ ಬಿಡತ್ತೆ. ಒಂದ್ಸಲ ಇಂಥದ್ದಕ್ಕೆ ಬಾಯಿ ಹಾಕಿದ ಹಕ್ಕಿ ಕಪ್ಪು ಹಳದಿ ಕೆಂಪು ನೋಡಿದ್ರೆ ಮುಂದೆ ದೂರ ಇರತ್ತೆ. ಅಂದ್ರೆ ಆ ಬಣ್ಣ ಚಂದಕ್ಕಲ್ಲ, ಎಚ್ಚರಿಕೆಗೆ.

ಇಲ್ಲೊಂದು ಮಾತು ಹೇಳ್ಲೇಬೇಕು. ಈಶ್ವರಿ ಬಳ್ಳಿ ಬೇರನ್ನ ಹಾವು ಕಚ್ಚಿದ್ದಕ್ಕೆ ಔಷಧಿ ಅಂತ ಹಳ್ಳಿಗಳಲ್ಲಿ ನಂಬೋದಿದೆ, ಕಷಾಯ ಮಾಡಿ ಕುಡಿಯೋರೂ ಇದಾರೆ. ಅರಿಸ್ಟೊಲೊಕಿಕ್ ಆಮ್ಲ ಮನುಷ್ಯರ ಕಿಡ್ನಿ ಹಾಳು ಮಾಡತ್ತೆ, ಕ್ಯಾನ್ಸರ್ ತರತ್ತೆ ಅಂತ ಖಚಿತವಾಗಿ ಗೊತ್ತಾಗಿದೆ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ ಇದನ್ನ ಕ್ಯಾನ್ಸರ್ ತರೋದರಲ್ಲಿ ಅನುಮಾನವೇ ಇಲ್ಲದ ಮೊದಲನೇ ಗುಂಪಲ್ಲಿ ಇಟ್ಟಿದೆ. ಹಾವು ಕಚ್ಚಿದ್ರೆ ಸೀದಾ ಆಸ್ಪತ್ರೆ, ಬಳ್ಳಿ ಚಿಟ್ಟೆಗೆ ಇರಲಿ.

ಅಟ್ಲಾಸ್ ತಿನ್ನೋ ದಾಲ್ಚಿನ್ನಿ ಪೇರಳೆ ಎಲೆಯಲ್ಲಿ ಅಂಥ ವಿಷ ಇಲ್ಲ. ಹುಳ ಇದ್ದಾಗ ತೊಂದರೆ ಕೊಟ್ರೆ ಘಾಟಿನ ದ್ರವ ಚಿಮ್ಮಿಸತ್ತೆ, ಆದ್ರೆ ರೆಕ್ಕೆ ಬಂದ ಪತಂಗ ಹಕ್ಕಿಗೆ ಒಳ್ಳೆ ಊಟ, ಕೊಬ್ಬು ಬೇರೆ ತುಂಬಿದೆ. ಅದಕ್ಕೆ ವೇಷ ಬೇಕಾಯ್ತು. ಮುಂದಿನ ರೆಕ್ಕೆಯ ತುದಿ ಹೊರಕ್ಕೆ ಬಾಗಿ, ಅಲ್ಲಿ ಕಣ್ಣಿನ ಹಾಗೆ ಒಂದು ಕಪ್ಪು ಚುಕ್ಕೆ, ಬಾಯಿಯ ಹಾಗೆ ಒಂದು ಗೆರೆ. ಹತ್ತಿರ ಏನಾದ್ರೂ ಬಂದ್ರೆ ಎಷ್ಟೋ ಸಲ ಹಾರಿ ಹೋಗೋ ಬದಲು ನೆಲಕ್ಕೆ ಬಿದ್ದು ನಿಧಾನಕ್ಕೆ ರೆಕ್ಕೆ ಆಡಿಸತ್ತೆ, ಆಗ ಆ ತಲೆಗಳು ತೂಗಾಡ್ತವೆ. ಹಕ್ಕಿಗಳು ಇದನ್ನ ಹಾವು ಅಂತಾನೇ ಹೆದರ್ತವೆ ಅನ್ನೋದು ಎಲ್ಲರೂ ಹೇಳೋ ವಿವರಣೆ, ನೋಡೋಕೆ ಸರಿ ಅನ್ಸತ್ತೆ, ಆದ್ರೂ ಇದು ಊಹೆಯ ಮಟ್ಟದ್ದು ಅಂತ ಇಟ್ಕೊಳ್ಳೋದು ಒಳ್ಳೇದು.

ಅದೇ ರೆಕ್ಕೆ ತುದಿಗೆ ರಾತ್ರಿ ಬೇರೆ ಕೆಲಸ ಇದೆ, ಅದಕ್ಕೆ ಮಾತ್ರ ಅಳತೆ ಮಾಡಿದ ಪುರಾವೆ ಇದೆ. ರಾತ್ರಿ ಶತ್ರು ಹಕ್ಕಿ ಅಲ್ಲ, ಬಾವಲಿ. ಬಾವಲಿ ನಮ್ಮ ಕಿವಿಗೆ ಕೇಳದ ಸದ್ದು ಮಾಡಿ, ವಾಪಸ್ ಬರೋ ಪ್ರತಿಧ್ವನಿ ಕೇಳಿ ಬೇಟೆ ಎಲ್ಲಿದೆ ಅಂತ ಲೆಕ್ಕ ಹಾಕತ್ತೆ. ಎಷ್ಟೋ ಪತಂಗಗಳಿಗೆ ಆ ಸದ್ದು ಕೇಳೋ ಕಿವಿ ಇದೆ, ಕೇಳಿದ ತಕ್ಷಣ ದಿಕ್ಕು ತಪ್ಪಿಸಿ ಧುಮುಕ್ತವೆ. ಅಟ್ಲಾಸ್ ಕುಟುಂಬಕ್ಕೆ ಕಿವಿ ಇಲ್ಲ, ಪೂರ್ತಿ ಕಿವುಡು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದವರು ಈ ಕುಟುಂಬದ ಪತಂಗಗಳನ್ನ ಪರೀಕ್ಷೆ ಮಾಡಿ ನೋಡಿದಾಗ ಎರಡು ಸಂಗತಿ ಗೊತ್ತಾಯ್ತು. ಒಂದು, ಎದೆ ಮೇಲಿನ ದಟ್ಟ ರೋಮ ಮತ್ತು ರೆಕ್ಕೆಯ ಹುರುಪೆಗಳು ಬಾವಲಿಯ ಸದ್ದನ್ನ ಹೀರಿಕೊಳ್ತವೆ, ಪ್ರತಿಧ್ವನಿ ಕಮ್ಮಿ ಹೋಗತ್ತೆ. ಇನ್ನೊಂದು, 2021ರಲ್ಲಿ ಪ್ರಕಟವಾಗಿದ್ದು, ಅಟ್ಲಾಸ್‌ನ ರೆಕ್ಕೆ ತುದಿಯ ಮಡಿಕೆ ಸುಕ್ಕುಗಳು ಮೈಗಿಂತ ಜೋರಾದ ಪ್ರತಿಧ್ವನಿ ಕೊಡ್ತವೆ. ಅಂದ್ರೆ ಬಾವಲಿ ಮೈ ಬಿಟ್ಟು ರೆಕ್ಕೆ ತುದಿಗೆ ಬಾಯಿ ಹಾಕತ್ತೆ, ತುದಿ ಹರಿದ್ರೂ ಪತಂಗ ಬದುಕತ್ತೆ. ನೀವು ನೋಡೋ ಅಟ್ಲಾಸ್‌ಗಳಲ್ಲಿ ತುದಿ ಹರಿದಿರೋವು ಸಿಕ್ರೆ ಇದೂ ಒಂದು ಕಾರಣ ಇರಬಹುದು.

ಅಂದಹಾಗೆ ವಿಷ ಇಲ್ದೆ ವಿಷ ಇರೋರ ವೇಷ ಹಾಕೋದು ಚಿಟ್ಟೆಗಳಲ್ಲೂ ಉಂಟು, ಅದಕ್ಕೆ ಕಾಡಿಗೆ ಹೋಗ್ಬೇಕಾಗಿಲ್ಲ. ಮನೆ ಹಿಂದಿನ ಕರಿಬೇವಿನ ಗಿಡದಲ್ಲಿ ಹುಳ ಬಿಡೋ ಕಾಮನ್ ಮಾರ್ಮನ್ ಚಿಟ್ಟೆ ಇದೆಯಲ್ಲ, ಅದರ ಹೆಣ್ಣುಗಳಲ್ಲಿ ಕೆಲವು ಈಶ್ವರಿ ಬಳ್ಳಿ ತಿಂದು ಬೆಳೆಯೋ ರೋಸ್ ಚಿಟ್ಟೆಗಳ ಹಾಗೇ ಕಾಣ್ತವೆ, ಮೈಯಲ್ಲಿ ವಿಷ ಮಾತ್ರ ಇಲ್ಲ.

ಗೂಡಿನ ಕಥೆ, ರಾಮನಗರಕ್ಕೂ ಇದಕ್ಕೂ ನಂಟು

ಹುಳ ಕೋಶ ಕಟ್ಟೋ ರೀತಿಯಲ್ಲೂ ಇಬ್ಬರೂ ಬೇರೆ. ಬರ್ಡ್‌ವಿಂಗ್ ಹುಳ ಒಂದು ಕಡ್ಡಿಗೆ ರೇಷ್ಮೆಯ ಸಣ್ಣ ಗುಪ್ಪೆ ಕಟ್ಟಿ ಬಾಲ ಸಿಕ್ಕಿಸಿ, ಸೊಂಟದ ಸುತ್ತ ಒಂದು ರೇಷ್ಮೆ ಎಳೆ ಬಿಗಿದು, ಚರ್ಮ ಕಳಚಿ ಬತ್ತಲೆ ಕೋಶವಾಗಿ ನೇತಾಡತ್ತೆ. ನೋಡಿದ್ರೆ ಒಣಗಿದ ಎಲೆ ಅನ್ಸತ್ತೆ. ಅಟ್ಲಾಸ್ ಹುಳ ಎಲೆಗಳನ್ನ ಸೇರಿಸಿ ಒಳಗೆ ಕಂದು ರೇಷ್ಮೆಯ ಪೂರ್ತಿ ಗೂಡು ನೇಯತ್ತೆ, ಎಲೆಯ ತೊಟ್ಟನ್ನೂ ರೇಷ್ಮೆಯಿಂದ ಕೊಂಬೆಗೆ ಸುತ್ತಿಬಿಡತ್ತೆ, ಎಲೆ ಒಣಗಿದ್ರೂ ಗೂಡು ಕೆಳಗೆ ಬೀಳಬಾರ್ದಲ್ಲ.

ರೇಷ್ಮೆ ಬೆಳೆಯೋ ಮನೆಯವರಿಗೆ ಇದು ಹೊಸದಲ್ಲ, ನಮ್ಮ ರೇಷ್ಮೆ ಹುಳನೂ ಪತಂಗದ ಮರಿನೇ. ಹಿಪ್ಪುನೇರಳೆ ಸೊಪ್ಪು ತಿಂದು, ನಾಲ್ಕು ಸಲ ಜ್ವರಕ್ಕೆ ಕೂತು (ಅಂದ್ರೆ ಚರ್ಮ ಕಳಚಿ) ಎದ್ದು, ಹಣ್ಣಾದ ಮೇಲೆ, ಅಂದ್ರೆ ಪೂರ್ತಿ ಬೆಳೆದ ಮೇಲೆ, ಗೂಡು ಕಟ್ಟೋ ತಟ್ಟೆ ಚಂದ್ರಿಕೆಗೆ ಬಿಟ್ರೆ ಗೂಡು ಕಟ್ಟತ್ತಲ್ಲ, ಅದನ್ನ ಹಾಗೇ ಬಿಟ್ರೆ ಒಳಗಿಂದ ಬಿಳೀ ಪತಂಗ ಬರತ್ತೆ. ಅದಕ್ಕೂ ಬಾಯಿ ಇಲ್ಲ, ಸಾವಿರಾರು ವರ್ಷ ಮನುಷ್ಯರು ಸಾಕಿ ಸಾಕಿ ಹಾರೋದನ್ನೂ ಮರೆತಿದೆ. ರಾಮನಗರ ಶಿಡ್ಲಘಟ್ಟದ ಮಾರ್ಕೆಟ್ಟಿಗೆ ಬರೋ ಗೂಡುಗಳನ್ನ ಪತಂಗ ಹೊರಗೆ ಬರೋಕೆ ಬಿಡದೆ ಬಿಸಿ ಕೊಟ್ಟು ನೂಲು ಬಿಚ್ಚೋದಕ್ಕೂ ಕಾರಣ ಇದೆ, ಒಂದು ಗೂಡು ಅಂದ್ರೆ ನೂರಾರು ಮೀಟರಿನ ಒಂದೇ ಎಳೆ, ಒಳ್ಳೆ ತಳಿ ಆದ್ರೆ ಒಂದು ಕಿಲೋಮೀಟರೂ ಆಗತ್ತೆ, ಪತಂಗ ತೂತು ಮಾಡಿ ಹೊರಗೆ ಬಂದ್ರೆ ಆ ಎಳೆ ತುಂಡು ತುಂಡು.

ಅಟ್ಲಾಸ್ ನಮ್ಮ ಮೈಸೂರು ಸಿಲ್ಕಿನ ಹುಳಕ್ಕಿಂತ ಟಸ್ಸರ್, ಮೂಗಾ, ಎರಿ ರೇಷ್ಮೆ ಹುಳಗಳಿಗೆ ಹತ್ತಿರ, ನಾಲ್ಕೂ ಒಂದೇ ಸ್ಯಾಟರ್ನಿಡೆ ಕುಟುಂಬ. ಅಟ್ಲಾಸ್ ಗೂಡಿನ ರೇಷ್ಮೆ ಒಂದೇ ಎಳೆಯಾಗಿ ಬಿಚ್ಚಲ್ಲ, ತುಂಡು ಎಳೆಗಳು, ಹತ್ತಿ ಥರ ನೂಲಬೇಕು. ಇದಕ್ಕೆ ಫಗಾರಾ ರೇಷ್ಮೆ ಅಂತ ಹೆಸರು. ತೈವಾನಲ್ಲಿ ಖಾಲಿ ಗೂಡಿಗೆ ಜಿಪ್ ಹಾಕಿ ಚಿಲ್ಲರೆ ಪರ್ಸ್ ಮಾಡಿದ್ದೂ ಇದೆ.

ಯಾರು ದೊಡ್ಡೋರು

ಸದರ್ನ್ ಬರ್ಡ್‌ವಿಂಗ್ ಭಾರತದ ಅತಿ ದೊಡ್ಡ ಚಿಟ್ಟೆ ಅಂತ ಈಗಲೂ ಎಷ್ಟೋ ಕಡೆ ಓದ್ತೀರಿ. 1932ರಲ್ಲಿ ಬ್ರಿಟಿಷ್ ಸೇನಾಧಿಕಾರಿ ಇವಾನ್ಸ್ ದಾಖಲು ಮಾಡಿದ 190 ಮಿಲಿಮೀಟರಿನ ಅಳತೆ ಮೇಲೆ ಆ ಬಿರುದು ನಿಂತಿತ್ತು. 88 ವರ್ಷ ಆದ್ಮೇಲೆ, 2020ರಲ್ಲಿ ಉತ್ತರಾಖಂಡದ ದೀದೀಹಾಟ್‌ನ ಒಂದು ಹೆಣ್ಣು ಗೋಲ್ಡನ್ ಬರ್ಡ್‌ವಿಂಗ್ 194 ಮಿಲಿಮೀಟರ್ ಅಂತ ಪ್ರಕಟ ಆಯ್ತು, ನಾಲ್ಕೇ ನಾಲ್ಕು ಮಿಲಿಮೀಟರಲ್ಲಿ ನಮ್ಮದು ಎರಡನೇ ಸ್ಥಾನಕ್ಕೆ. ಪ್ರಪಂಚದ ದೊಡ್ಡ ಚಿಟ್ಟೆ ಪಪುವಾ ನ್ಯೂಗಿನಿಯ ಕ್ವೀನ್ ಅಲೆಕ್ಸಾಂಡ್ರಾ ಬರ್ಡ್‌ವಿಂಗ್, ಎಷ್ಟು ಎತ್ತರದಲ್ಲಿ ಹಾರ್ತಿತ್ತು ಅಂದ್ರೆ 1906ರಲ್ಲಿ ಮೊದಲನೇದನ್ನ ಬಂದೂಕಲ್ಲಿ ಹೊಡೆದು ಬೀಳಿಸಿದ್ರು. ಅಟ್ಲಾಸ್ ಪ್ರಪಂಚದ ಅತಿ ದೊಡ್ಡ ಪತಂಗಗಳ ಸಾಲಲ್ಲಿ ಇದೆ ಅನ್ನೋದು ಸರಿ, ಆದ್ರೆ ರೆಕ್ಕೆ ಅಗಲದಲ್ಲಿ ದಕ್ಷಿಣ ಅಮೆರಿಕದ ವೈಟ್ ವಿಚ್ ಅನ್ನೋ ಪತಂಗ ಇದಕ್ಕಿಂತ ಮುಂದೆ.

ಗೋಡೆ ಮೇಲೆ ಬಂದು ಕೂತಿದ್ರೆ

ಅಟ್ಲಾಸ್ ಮನೆಗೆ ಬರೋದು ಲೈಟಿಗೆ. ಲೈಟು ಇಷ್ಟ ಅಂತ ಅಲ್ಲ. ರಾತ್ರಿ ಹಾರೋ ಕೀಟಗಳು ಬೆಳಕಿರೋ ಕಡೆನೇ ಮೇಲೆ ಅಂತ ಲೆಕ್ಕ ಹಾಕಿ ಬೆನ್ನನ್ನ ಬೆಳಕಿನ ಕಡೆ ತಿರುಗಿಸಿ ಹಾರ್ತವೆ, ಕಾಡಲ್ಲಿ ಆಕಾಶ ನೆಲಕ್ಕಿಂತ ಬೆಳ್ಳಗಿರೋದ್ರಿಂದ ಅದು ಸರಿಯಾಗೇ ಕೆಲಸ ಮಾಡತ್ತೆ, ಬಲ್ಬಿನ ಹತ್ತಿರ ಬಂದಾಗ ಮಾತ್ರ ಸುತ್ತ ಗಿರಕಿ ಹೊಡೆದು ಸಿಕ್ಕಿಹಾಕ್ಕೊಳ್ತವೆ. 2024ರಲ್ಲಿ ಹೈಸ್ಪೀಡ್ ಕ್ಯಾಮೆರಾ ಇಟ್ಟು ಮಾಡಿದ ಅಧ್ಯಯನ ಇದನ್ನ ತೋರಿಸಿಕೊಡ್ತು. ಹಾಗಾಗಿ ಅಂಗಳದ ಲೈಟು ಆಫ್ ಮಾಡಿದ್ರೆ ರಾತ್ರಿ ತಾನಾಗೇ ಹೋಗತ್ತೆ. ಹಗಲಲ್ಲಿ ಕೂತಿದ್ರೆ ಹಾಗೇ ಬಿಡಿ, ಬೆಕ್ಕು ಕೋಳಿ ಕಾಟ ಇದ್ರೆ ಅದನ್ನ ಒಂದು ಕಡ್ಡಿ ಮೇಲೆ ಹತ್ತಿಸಿಕೊಂಡು ಹೋಗಿ ಎತ್ತರದ ಕೊಂಬೆಗೆ ಬಿಡಿ, ರೆಕ್ಕೆ ಹಿಡೀಬೇಡಿ. ಕಚ್ಚಲ್ಲ, ಚುಚ್ಚಲ್ಲ, ಮುಟ್ಟಿದ್ರೆ ಏನೂ ಆಗಲ್ಲ.

ಹೀಗೆ ಸುಮ್ನೆ ಬಿಡೋ ಮಾತು ನಮ್ಮ ಕಡೆಗೆ ಮಾತ್ರ. ಅಮೆರಿಕದ ಬೆಲ್‌ವ್ಯೂ ಊರಲ್ಲಿ 2022ರ ಜುಲೈನಲ್ಲಿ ಒಂದು ಅಟ್ಲಾಸ್ ಗ್ಯಾರೇಜಿನ ಗೋಡೆ ಮೇಲೆ ಸಿಕ್ಕಿದಾಗ ಅಲ್ಲಿನ ಕೃಷಿ ಇಲಾಖೆ ಇನ್ನೆಲ್ಲಾದ್ರೂ ಕಂಡ್ರೆ ತಕ್ಷಣ ತಿಳಿಸಿ ಅಂತ ಜನರನ್ನ ಕೇಳ್ಕೊಂತು, ಅಲ್ಲಿ ಅದು ಹೊರಗಿನ ಕೀಟ. ಅಲ್ಲಿರೋ ನಮ್ಮೋರು ಊರ ನೆನಪಾಯ್ತು ಅಂತ ಸುಮ್ನೆ ಬಿಡೋ ಹಾಗಿಲ್ಲ.

ಬರ್ಡ್‌ವಿಂಗ್ ಬೇಕು ಅಂದ್ರೆ ಹೂವಿನ ಗಿಡ ಮಾತ್ರ ಹಾಕಿದ್ರೆ ಸಾಲಲ್ಲ, ಅದು ಚಿಟ್ಟೆಯ ಊಟ, ಹುಳದ ಊಟ ಬೇರೆ. ಈಶ್ವರಿ ಬಳ್ಳಿ ಒಂದೆರಡು ಬೇಲಿಗೆ ಹಬ್ಬಿಸಿ, ಘಟ್ಟದ ಆಸುಪಾಸು ಇದ್ರೆ ಬರೋ ಸಾಧ್ಯತೆ ಉಂಟು. ಆದ್ರೆ ನರ್ಸರಿಯಲ್ಲಿ ಇದೇ ಜಾತಿಯ ದೊಡ್ಡ ಹೂವಿನ ವಿದೇಶಿ ಬಳ್ಳಿಗಳು ಸಿಗ್ತವೆ, ಅದು ಬೇಡ. ಆಸ್ಟ್ರೇಲಿಯಾದಲ್ಲಿ ರಿಚ್ಮಂಡ್ ಬರ್ಡ್‌ವಿಂಗ್ ಅಂಥದ್ದೇ ಒಂದು ಬಳ್ಳಿಗೆ ಮೋಸ ಹೋಗಿ ಮೊಟ್ಟೆ ಇಟ್ಟು, ಹುಳಗಳೆಲ್ಲ ಅದರ ಎಲೆ ತಿಂದು ಸತ್ತಿರೋದು ದೊಡ್ಡ ಸಮಸ್ಯೆ ಆಗಿದೆ.

ಇನ್ನೊಂದು, ಅಟ್ಲಾಸ್ ಹೋದ ಮೇಲೆ ಗೋಡೆಯಲ್ಲಿ ಸಣ್ಣ ಕೆಂಪು ಮಿಶ್ರಿತ ಕಂದು ಮೊಟ್ಟೆಗಳು ಅಂಟಿಕೊಂಡಿದ್ರೆ ಕೆರೆದು ಬಿಸಾಡ್ಬೇಡಿ. ಗಂಡು ಸೇರದೆ ಇಟ್ಟಿದ್ರೆ ಒಡೆಯಲ್ಲ, ಸೇರಿದ್ರೆ ಎರಡು ವಾರದೊಳಗೆ ಹುಳ ಬರತ್ತೆ, ಗೋಡೆ ಮೇಲೆ ತಿನ್ನೋಕೆ ಏನೂ ಇರಲ್ಲ. ಒಂದು ಕಾಗದಕ್ಕೆ ಮೆಲ್ಲಗೆ ಬಿಡಿಸಿ ದಾಲ್ಚಿನ್ನಿ ಇಲ್ಲಾ ಪೇರಳೆ ಮರದ ಎಲೆ ಕೆಳಗೆ ಮಳೆ ತಾಗದ ಹಾಗೆ ಪಿನ್ ಮಾಡಿ, ಇರುವೆ ಸಾಲು ಇಲ್ಲದ ಕೊಂಬೆ ನೋಡಿ.